ಪಾಲಿಕೆಯ ಪರವಾನಗಿ ತಪಾಸಣೆ: ಯಾವ ಕಾಗದ ತೋರಿಸಬೇಕು?

ಪ್ರಶ್ನೆ: ವಿಜಯಪುರದಲ್ಲಿ ಚಿಕ್ಕದೊಂದು ಖಾನಾವಳಿ ನಡೆಸುತ್ತಿದ್ದೇನೆ. ಯಾರ ದೂರೂ ಇಲ್ಲದೆ ಪಾಲಿಕೆಯವರೇ ಓಣಿ ಓಣಿ ತಿರುಗಿ ಪರವಾನಗಿ ಕೇಳುತ್ತಿದ್ದಾರೆ. ನನ್ನಲ್ಲಿ ಜಿಎಸ್‌ಟಿ ನೋಂದಣಿ ಹಾಗೂ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಇವೆ. ಇಷ್ಟು ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ವಿಜಯಪುರದಿಂದ:
ಸಾಲದು ಸರ್. ಕಾರ್ಮಿಕ ಇಲಾಖೆಯ ಪತ್ರವು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯದು. ಅದು ಕೆಲಸಗಾರರ ದುಡಿಮೆಯ ವೇಳೆ, ವಾರದ ರಜೆ ಮುಂತಾದವಕ್ಕೆ ಸಂಬಂಧಿಸಿದೆ. ಪಾಲಿಕೆಯವರು ಕೇಳುವುದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ 353ನೇ ಕಲಮಿನಡಿಯ ಉದ್ದಿಮೆ ಪರವಾನಗಿ. ಅಡುಗೆ ಮಾಡಿ ಮಾರುವವರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿಯೂ ಬೇಕು.

ನನ್ನದು ಮೊದಲು ಕಿರಾಣಿ ಅಂಗಡಿ. ಹಿಂದಿನ ಕೋಣೆಯಲ್ಲಿ ಒಲೆ ಹೂಡಿ ರೊಟ್ಟಿ ಊಟ ಆರಂಭಿಸಿದಾಗ, ಪರವಾನಗಿ ಮಾಡಿಸಿಕೊಡುತ್ತೇನೆಂದ ಮಧ್ಯವರ್ತಿಯೊಬ್ಬರಿಗೆ ಹಣ ಕೊಟ್ಟು, ಅವರು ತಂದುಕೊಟ್ಟ ಕಾಗದವನ್ನು ಓದದೆಯೇ ಚೌಕಟ್ಟು ಹಾಕಿಸಿ ಗಲ್ಲೆಯ ಮೇಲೆ ತೂಗುಹಾಕಿದ್ದೆ. ತಪಾಸಣೆಗೆ ಬಂದ ಆರೋಗ್ಯ ನಿರೀಕ್ಷಕರು ಅದನ್ನು ಇಳಿಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು. ಉದ್ದಿಮೆ ಯಾವುದು ಎಂಬಲ್ಲಿ ಇನ್ನೂ ‘ಕಿರಾಣಿ’ ಎಂದೇ ಇತ್ತು. ಅವರ ಬೆನ್ನ ಹಿಂದೆ ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿದು ಹಂಚಿಗೆ ಹಾಕುತ್ತಿದ್ದರು. ವಾದಿಸಲು ಏನೂ ಉಳಿದಿರಲಿಲ್ಲ.

ನೋಟಿಸ್ ಬಂದ ಮರುದಿನವೇ ಲಿಖಿತ ಉತ್ತರ ಕೊಟ್ಟು, ಟಪಾಲು ವಿಭಾಗದಲ್ಲಿ ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ಬಾಡಿಗೆ ಕರಾರು ಪತ್ರ, ಜಾಗದ ಆಸ್ತಿ ತೆರಿಗೆಯ ರಸೀದಿ ಮತ್ತು ಗುರುತಿನ ಚೀಟಿಯೊಂದಿಗೆ ನಾನೇ ಹೊಸ ಅರ್ಜಿ ಹಾಕಿದೆ. ತಾವು ಆಸ್ತಿ ತೆರಿಗೆಯ ರಸೀದಿಯನ್ನು ಮಾಲೀಕರಿಂದ ಇಂದೇ ಕೇಳಿ ಪಡೆಯಿರಿ, ಏಕೆಂದರೆ ನನಗೆ ಹೆಚ್ಚು ದಿನ ಹಿಡಿದದ್ದು ಅದಕ್ಕೇ. ದೂರು ಬರುವ ತನಕ ಕಾಯದೆ ಪಾಲಿಕೆ ತಾನಾಗಿಯೇ ಬರುವುದು ಸರಿಯೆಂದೇ ನನ್ನ ಅಭಿಪ್ರಾಯ. ಇಕ್ಕಟ್ಟಾದ ಓಣಿಯಲ್ಲಿ ಸಿಲಿಂಡರಿಗೆ ಬೆಂಕಿ ತಗುಲಿದ ಮೇಲೆ ದೂರು ಕೊಟ್ಟು ಫಲವೇನು?

ಬೆಳಗಾವಿಯಿಂದ:
ಮೇಲಿನವರು ಹೇಳಿದ್ದು ನಿಜ. ಪರವಾನಗಿಯಲ್ಲಿ ಬರೆದ ಉದ್ದಿಮೆಯಷ್ಟೇ ಅಲ್ಲ, ವಿಳಾಸವೂ ತಾಳೆಯಾಗಬೇಕು. ಖಡೇಬಜಾರದ ನನ್ನ ಬಟ್ಟೆ ಅಂಗಡಿಯನ್ನು ನಾಲ್ಕು ಮಳಿಗೆ ಆಚೆಗೆ ಸ್ಥಳಾಂತರಿಸಿದಾಗ ಹಳೆಯ ಪರವಾನಗಿ ಉಪಯೋಗಕ್ಕೆ ಬರಲಿಲ್ಲ. ನಾಮಫಲಕವನ್ನೂ ಗಮನಿಸಿರಿ, 2024ರ ತಿದ್ದುಪಡಿಯಂತೆ ಅದರಲ್ಲಿ ಶೇ. 60ರಷ್ಟು ಕನ್ನಡ ಇರಬೇಕು.

ಬಾಗಲಕೋಟೆಯಿಂದ:
ನಮ್ಮಲ್ಲಿರುವುದು ನಗರಸಭೆಯಾದ್ದರಿಂದ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ನನ್ನ ಪರವಾನಗಿಯ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕೊನೆಯ ವಾರದ ನೂಕುನುಗ್ಗಲು ತಪ್ಪಿಸಲು ಫೆಬ್ರವರಿಯಲ್ಲೇ ನವೀಕರಣದ ಶುಲ್ಕ ಕಟ್ಟಿ, ರಸೀದಿಯನ್ನು ಪರವಾನಗಿಯ ಹಿಂಬದಿಗೇ ಅಂಟಿಸಿಡುತ್ತೇನೆ.