ಹಲವು ಸಮುದಾಯಗಳ ಮಕ್ಕಳಿರುವ ತರಗತಿಯಲ್ಲಿ ಸ್ತ್ರೀವಾದಿ ಪಾಠವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತೇನೆ. ಒಂದೇ ಕೋಣೆಯಲ್ಲಿ ಲಿಂಗಾಯತ, ಮಾದಿಗ, ಕುರುಬ, ಲಂಬಾಣಿ ಹಾಗೂ ಮುಸ್ಲಿಂ ಮನೆಗಳ ಮಕ್ಕಳಿದ್ದಾರೆ. ಕೆಲವರ ತಂದೆತಾಯಿ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುತ್ತಾರೆ. ಬಾಲ್ಯವಿವಾಹದ ವಿಷಯ ಎತ್ತಿದೊಡನೆ ಹಿಂದಿನ ಬೆಂಚಿನಿಂದ "ಮೇಡಂ, ಅದು ಅವರ ಮಂದ್ಯಾಗ ಜಾಸ್ತಿರೀ" ಎಂಬ ಮಾತು ಬಂತು. ಅಂದಿನಿಂದ ಇಬ್ಬರು ಹುಡುಗಿಯರು ನನ್ನ ಪಾಠದಲ್ಲಿ ತಲೆಯೆತ್ತುತ್ತಿಲ್ಲ. ಹೆಣ್ಣುಮಕ್ಕಳ ಹಕ್ಕಿನ ಮಾತನ್ನು ಬಿಡಲು ನಾನು ಸಿದ್ಧಳಿಲ್ಲ. ಆದರೆ ಅದು ಒಂದು ಸಮುದಾಯದ ಮೇಲಿನ ಆರೋಪಪಟ್ಟಿಯಾಗದಂತೆ ಪಾಠವನ್ನು ಹೇಗೆ ಕಟ್ಟಬೇಕು?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕಿ, ಧಾರವಾಡ

ಪಹಣಿಯಿಂದ, ಅಂದರೆ ಜಮೀನಿನ ಒಡೆತನದ ದಾಖಲೆಯಿಂದ ಆರಂಭಿಸಿ. ಮನೆಯ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಿಕೊಂಡು ಬರಲು ಹೇಳಿದರೆ, ಜಾತಿ ಧರ್ಮ ಯಾವುದಾದರೂ ಅಜ್ಜ, ಅಪ್ಪ, ದೊಡ್ಡಪ್ಪಂದಿರ ಹೆಸರುಗಳೇ ಹೆಚ್ಚಾಗಿ ಬರುತ್ತವೆ. ಆಮೇಲೆ ಕಾನೂನನ್ನು ಮುಂದಿಡಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಆ ಭೇದ ಹೋದದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗಳಿಗೆ ಬಹುಕಾಲದಿಂದ ಪಾಲಿದೆ, ಆದರೆ ಅದು ಮಗನ ಪಾಲಿನ ಅರ್ಧ. ಎರಡೂ ಕಡೆ ಅಕ್ಕತಂಗಿಯರು ತವರಿನ ಸಂಬಂಧ ಉಳಿಯಲೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಇದನ್ನು ಚರ್ಚಿಸಿದ ಮಕ್ಕಳಿಗೆ "ಅವರ ಮಂದಿ" ಎನ್ನುವುದು ಅಷ್ಟು ಸುಲಭವಾಗುವುದಿಲ್ಲ.

ಉತ್ತರ: ಶಿಕ್ಷಕ, ಕಲಬುರಗಿ

ಮೇಡಂ ಅವರ ಸಲಹೆ ಒಳ್ಳೆಯದು, ಆದರೆ ಪಹಣಿಯೇ ಇಲ್ಲದ ಮನೆಯ ಮಗು ಬರಿಗೈಯಲ್ಲಿ ಬಂದು ಎಲ್ಲರೆದುರು ನಿಲ್ಲಬೇಕಾಗುತ್ತದೆ. ಆದ್ದರಿಂದ ಕೂಲಿಯ ಲೆಕ್ಕವೂ ಅದರ ಜೊತೆಗಿರಲಿ. ಹತ್ತಿ ಬಿಡಿಸುವ ಹೊಲದಲ್ಲಿ ಗಂಡಾಳಿಗೆಷ್ಟು, ಹೆಣ್ಣಾಳಿಗೆಷ್ಟು, ಉದ್ಯೋಗ ಖಾತ್ರಿಯಲ್ಲಿ ಇಬ್ಬರಿಗೂ ಒಂದೇ ಕೂಲಿ ಏಕೆ ಎಂಬುದಕ್ಕೆ ಉತ್ತರ ಹೇಳಬಲ್ಲವರು ಅದೇ ಮಕ್ಕಳು. ಅಂದು ತರಗತಿಯಲ್ಲಿ ತಿಳಿದವರು ಅವರೇ ಆಗುತ್ತಾರೆ. ಸಾವಿತ್ರಿಬಾಯಿ ಫುಲೆಯವರನ್ನು ಅವರ ಜನ್ಮದಿನವಾದ ಜನವರಿ 3ರ ಭಾಷಣಕ್ಕೆ ಸೀಮಿತಗೊಳಿಸದೆ, ಫುಲೆ ದಂಪತಿಯ ಶಾಲೆಯಲ್ಲಿ ಓದಿದ, ಮಹಾರಾಷ್ಟ್ರದ ದಲಿತ ಸಮುದಾಯವಾದ ಮಾಂಗ್‌ಗೆ ಸೇರಿದ ಮುಕ್ತಾ ಸಾಳ್ವೆ 1855ರಲ್ಲಿ ಬರೆದ ಪ್ರಬಂಧದ ಬಗ್ಗೆಯೂ ಹೇಳಿ. ತನ್ನ ಜಾತಿಯ ಹೆಂಗಸರು ತಲೆಯ ಮೇಲೊಂದು ಸೂರೂ ಇಲ್ಲದೆ ಹೆರುವ ಸಂಕಟವನ್ನು ಆಕೆ ಅದರಲ್ಲಿ ಬರೆದಿದ್ದಾಳೆ. ಹೆಣ್ಣುಮಕ್ಕಳ ಕಷ್ಟವೆಲ್ಲ ಒಂದೇ ಎಂದು ಹೇಳಿ ಜಾತಿಯನ್ನು ಬದಿಗಿಡುವ ಪಾಠವನ್ನು ನಾನು ಸ್ತ್ರೀವಾದಿ ಪಾಠವೆಂದು ಒಪ್ಪಲಾರೆ.

ಉತ್ತರ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಸದಸ್ಯೆ, ಕೊಪ್ಪಳ ಜಿಲ್ಲೆ

ನಾನು ತಾಯಿಯಾಗಿ ಬರೆಯುತ್ತಿದ್ದೇನೆ. ಮೊದಲು ಶಾಲೆಯೊಳಗಿನ ಕೆಲಸವನ್ನೇ ನೋಡಿ: ಕಸ ಗುಡಿಸುವುದು, ರಂಗೋಲಿ ಹಾಕುವುದು, ಅತಿಥಿಗಳ ಮುಂದೆ ಕುಂಭ ಹೊತ್ತು ನಿಲ್ಲುವುದು ಹುಡುಗಿಯರ ಪಾಲಿಗೆ, ಬೆಂಚು ಎತ್ತುವುದು ಹುಡುಗರ ಪಾಲಿಗೆ. ನಮ್ಮ ಶಾಲೆಯಲ್ಲಿ ಪೊರಕೆಯ ಪಾಳಿಗೆ ಹುಡುಗರ ಹೆಸರನ್ನೂ ಬರೆದಾಗ ಕೆಲವು ತಂದೆಯರು ಜಗಳಕ್ಕೆ ಬಂದರು. ಪಾಳಿ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಎಂದು ನಾವು ಪಟ್ಟು ಹಿಡಿದೆವು, ಅದು ಉಳಿಯಿತು.

ಮಗಳ ಮದುವೆ ಬೇಗ ಮಾಡುವವರನ್ನು ಕೇಳಿದರೆ, ಹತ್ತನೆಯ ತರಗತಿಯ ನಂತರ ಕಾಲೇಜು ದೂರ, ಸಂಜೆ ಬಸ್ಸಿಲ್ಲ ಎನ್ನುತ್ತಾರೆ. 2023ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆದರೆ ತರಗತಿ ಬಿಡುವ ಹೊತ್ತಿಗೆ ಬಸ್ಸೇ ಬರದಿದ್ದರೆ ಅದರಿಂದ ನಮ್ಮ ಹುಡುಗಿಯರಿಗೇನು ಪ್ರಯೋಜನ? ಮಕ್ಕಳಿಂದ ಡಿಪೋ ವ್ಯವಸ್ಥಾಪಕರಿಗೆ ಅರ್ಜಿ ಬರೆಸಿ, ಅದೂ ಪಾಠವೇ. ತಲೆಯೆತ್ತದ ಆ ಇಬ್ಬರೊಡನೆ ಮಾತ್ರ ಬೇರೆಯಾಗಿ ಮಾತಾಡಿ. ಯಾರದಾದರೂ ಮದುವೆ ಗೊತ್ತಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ತಡಮಾಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಮೊದಲು ಕೂಲಿಯ ಲೆಕ್ಕ, ಆಮೇಲೆ ಪಹಣಿ ಎಂಬ ಕ್ರಮವನ್ನು ಇಟ್ಟುಕೊಳ್ಳುತ್ತೇನೆ. ಆ ಹುಡುಗಿಯರಲ್ಲಿ ಒಬ್ಬಳ ತಾಯಿಯನ್ನು ಈ ವಾರವೇ ಮನೆಗೆ ಹೋಗಿ ಕಾಣುತ್ತೇನೆ.