ಮೂರೂವರೆ ತಿಂಗಳ ಮಗು ಎದೆಯ ಮೇಲಲ್ಲದೆ ಮಲಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ

ನನ್ನ ಎದೆಗೊರಗಿ ಗಾಢವಾಗಿ ನಿದ್ರಿಸುವ ಮಗಳು ತೊಟ್ಟಿಲಿಗೆ ಬೆನ್ನು ತಾಗಿದೊಡನೆ ಎಚ್ಚೆತ್ತು ಅಳುತ್ತಾಳೆ. ಮೊನ್ನೆ ರಾತ್ರಿ ಸೋಫಾದಲ್ಲಿ ಕುಳಿತು ಹಾಲುಣಿಸುತ್ತಿರುವಾಗಲೇ ನನಗೆ ಜೋಂಪು ಹತ್ತಿತು. ಕಣ್ಣು ತೆರೆದಾಗ ಅವಳ ಮುಖ ನನ್ನ ತೋಳಿಗೂ ದಿಂಬಿಗೂ ನಡುವೆ ಹುದುಗಿತ್ತು. ಅವಳಿಗೆ ಏನೂ ಆಗಿರಲಿಲ್ಲ, ಆದರೆ ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕೀತು, ಬೋರಲು ಮಲಗಿಸು ಎಂದು ಮನೆಯ ಹಿರಿಯರು ಹೇಳುತ್ತಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1

ಹಿರಿಯರ ಆತಂಕ ಸಹಜವಾದದ್ದೇ, ಆದರೆ ದಯವಿಟ್ಟು ಬೋರಲು ಮಲಗಿಸಬೇಡಿ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆಯೂ ಅನ್ನನಾಳ ಅದರ ಕೆಳಗೂ ಇರುವುದರಿಂದ, ಮೇಲೆ ಬಂದ ಹಾಲು ಉಸಿರಿನ ದಾರಿಗೆ ಏರುವುದು ಕಷ್ಟ. ಬೋರಲಾದಾಗ ಈ ಅನುಕೂಲ ತಲೆಕೆಳಗಾಗುತ್ತದೆ. ಅಮೆರಿಕದಲ್ಲಿ 1994ರಲ್ಲಿ ಶಿಶುಗಳನ್ನು ಅಂಗಾತ ಮಲಗಿಸುವ ಅಭಿಯಾನ ಆರಂಭವಾದ ನಂತರದ ವರ್ಷಗಳಲ್ಲಿ, ನಿದ್ರೆಯಲ್ಲಿ ಕಾರಣ ತಿಳಿಯದೆ ಹಠಾತ್ತಾಗಿ ಸಂಭವಿಸುವ ಶಿಶುಮರಣದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಹಗಲಿನ ಸಣ್ಣ ನಿದ್ರೆಗೂ ಇದೇ ಕ್ರಮವಿರಲಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ಬಿಗಿಯಾಗಿ ಹಾಸಿದ ಬಟ್ಟೆಯ ಹೊರತು ದಿಂಬು, ಹೊದಿಕೆ, ಗೊಂಬೆ ಯಾವುದೂ ತೊಟ್ಟಿಲಲ್ಲಿ ಬೇಡ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಸೋಫಾ. ಮಗುವಿನೊಡನೆ ನಿದ್ರೆ ಹೋಗಲು ಅದಕ್ಕಿಂತ ಅಪಾಯದ ಜಾಗ ಬೇರೆ ಇಲ್ಲವೆನ್ನಬಹುದು. ರಾತ್ರಿ ಹಾಲುಣಿಸುವಾಗ ಮನೆಯವರೊಬ್ಬರನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಾಯಿಗೆ ತೂಕಡಿಕೆ ಬಂದರೆ ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕುವುದು ಅವರ ಕೆಲಸವಾಗಲಿ. ತೊಟ್ಟಿಲು ಮಾತ್ರ ಕನಿಷ್ಠ ಮೊದಲ ಆರು ತಿಂಗಳು ನಿಮ್ಮ ಕೋಣೆಯಲ್ಲಿಯೇ ಇರಲಿ.

ಉತ್ತರ 2

ನಮ್ಮ ಮಗನೂ ಹೀಗೆಯೇ ಇದ್ದ. ನಾವು ಕಂಡುಕೊಂಡದ್ದೇನೆಂದರೆ, ಅವನು ಪೂರ್ತಿ ನಿದ್ರೆ ಹೋಗುವವರೆಗೆ ಕಾಯದೆ, ರೆಪ್ಪೆ ಭಾರವಾಗಿ ಮುಷ್ಟಿ ಸಡಿಲಗೊಳ್ಳುವ ಹೊತ್ತಿಗೆ ಮೊದಲು ಪೃಷ್ಠವನ್ನೂ ನಂತರ ಬೆನ್ನನ್ನೂ ಕೊನೆಗೆ ತಲೆಯನ್ನೂ ಮೆಲ್ಲನೆ ಹಾಸಿಗೆಗೆ ತಾಗಿಸಿ, ಕೈಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇಡಬೇಕು. ಅಳು ಜೋರಾದರೆ ಎತ್ತಿ ಸಂತೈಸಿ ಮತ್ತೆ ಪ್ರಯತ್ನಿಸುತ್ತಿದ್ದೆವು. ಶಿಶುಗಳ ನಿದ್ರೆಯ ಸುಮಾರು ಅರ್ಧಭಾಗ ಚಡಪಡಿಕೆಯದ್ದು. ಮುಲುಗುತ್ತವೆ, ಕೈಕಾಲು ಆಡಿಸುತ್ತವೆ, ಆದರೆ ಎಚ್ಚರವಾಗಿರುವುದಿಲ್ಲ. ನಾವು ಪ್ರತಿ ಸದ್ದಿಗೂ ಧಾವಿಸಿ ಎತ್ತಿಕೊಂಡು ನಾವೇ ಅವನನ್ನು ಎಬ್ಬಿಸುತ್ತಿದ್ದೆವು ಎಂಬುದು ತಡವಾಗಿ ಅರಿವಿಗೆ ಬಂತು.

ಹಗಲಿನಲ್ಲಿ ಬೆಳಕು, ಮಾತು, ಆಟ ಧಾರಾಳವಾಗಿರಲಿ. ರಾತ್ರಿಯ ಹಾಲೂಡಿಕೆ ಮಂದ ಬೆಳಕಿನಲ್ಲಿ, ಮಾತಿಲ್ಲದೆ ಮುಗಿಯಲಿ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಿದ್ದರೆ, ಮಗುಚಿಕೊಳ್ಳಲು ಯತ್ನಿಸುವ ಮೊದಲ ಸೂಚನೆ ಕಂಡಾಗಲೇ ಅದನ್ನು ನಿಲ್ಲಿಸಿರಿ. ಉಸಿರಾಟದಲ್ಲಿ ಏದುಸಿರು ಕಂಡರೆ, ಅಥವಾ ತೂಕ ಸರಿಯಾಗಿ ಏರದಿದ್ದರೆ, ಅದನ್ನು ನಿದ್ರೆಯ ಸಮಸ್ಯೆಯೆಂದು ಬಗೆಯದೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸೋಫಾದಲ್ಲಿ ಹಾಲುಣಿಸುವುದನ್ನು ನಿಲ್ಲಿಸಿದ್ದೇನೆ, ರಾತ್ರಿ ಪತಿ ಜೊತೆಗಿರುತ್ತಾರೆ. ನಿನ್ನೆ ನಾಲ್ಕನೆಯ ಪ್ರಯತ್ನಕ್ಕೆ ಮಗಳು ತೊಟ್ಟಿಲಲ್ಲಿ ಅಂಗಾತವಾಗಿಯೇ ನಲವತ್ತು ನಿಮಿಷ ಮಲಗಿದಳು.