ಓದುಗರ ಸ್ಪಂದನ: ‘ಊರಿನವರಿಗೆ ಏನೆಂದು ಹೇಳಲಿ?’

ಸಮಸ್ಯೆ: ಡೊಂಬಿವಲಿಯಲ್ಲಿದ್ದೇವೆ. 22 ವರ್ಷದ ಮಗ ತಾನು ಹೆಣ್ಣು ಎನ್ನುತ್ತಿದ್ದಾನೆ. ಯಜಮಾನರು ಅವನ ಜೊತೆ ಮಾತು ಬಿಟ್ಟಿದ್ದಾರೆ. ಮದುವೆ ಮಾಡಿಸಿದರೆ ಸರಿಹೋಗುತ್ತದೆ ಎಂದು ಮೈದುನ ಹೇಳುತ್ತಾರೆ. ಮೇ ತಿಂಗಳಲ್ಲಿ ಕುಂದಾಪುರದ ಮನೆಯಲ್ಲಿ ಪೂಜೆಯಿದೆ. ಊರಿನವರಿಗೆ ಏನೆಂದು ಹೇಳಲಿ?

ಅಕ್ಕಾ, ಊರಿನ ಮಾತು ಆಮೇಲೆ. ಮದುವೆಯ ಮಾತನ್ನು ಇವತ್ತೇ ನಿಲ್ಲಿಸಿ. ಏನೂ ತಿಳಿಯದ ಹುಡುಗಿಯೊಬ್ಬಳನ್ನು ತಂದು ಕಟ್ಟಿದರೆ ಎರಡು ಜೀವ ನರಳುತ್ತವೆ, ಆ ಹುಡುಗಿಯ ತಾಯಿಗೆ ನೀವೇ ಉತ್ತರ ಹೇಳಬೇಕಾಗುತ್ತದೆ. ನನ್ನ ಮಗಳೂ ನಿಮ್ಮ ಮಗುವಿನ ಹಾಗೆಯೇ. ಅವಳು ನಮ್ಮಿಂದ ಕೇಳಿದ್ದು ದೊಡ್ಡದೇನಲ್ಲ, ತಾನು ಇಟ್ಟುಕೊಂಡ ಹೆಸರಿನಲ್ಲಿ ಊಟಕ್ಕೆ ಕರೆಯಬೇಕು ಅಂತ ಅಷ್ಟೇ. ಅವಳ ಅಪ್ಪನ ಬಾಯಲ್ಲಿ ಆ ಹೆಸರು ಬರಲು ತುಂಬಾ ದಿನ ಹಿಡಿಯಿತು. ಮೊದಲ ಸಲ ಬಂದದ್ದು, ಹಾಲು ಉಕ್ಕಿಸಿದಳೆಂದು ಬೈಯುವಾಗ. ಬೈಸಿಕೊಂಡವಳು ನಗುತ್ತಾ ನಿಂತಿದ್ದಳು. ನಿಮ್ಮವರಿಗೂ ಸಮಯ ಬೇಕಾಗಬಹುದು, ಆದರೆ ನೀವು ಅವರಿಗಾಗಿ ಕಾಯಬೇಡಿ. ಯಾವ ಹೆಸರಿನಲ್ಲಿ ಕರೆಯಲಿ ಎಂದು ಕೇಳಿದ್ದೀರಾ? ಇವತ್ತು ರಾತ್ರಿಯೇ ಕೇಳಿ.
– ಒಬ್ಬ ತಾಯಿ, ಭಾಂಡುಪ್

ನಾನು ನರ್ಸ್. ಇದು ರೋಗವಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದಿದ್ದಾರೆ. ‘ಬದಲಾಯಿಸಿ ಕೊಡುತ್ತೇನೆ’ ಎನ್ನುವ ವೈದ್ಯರ ಹತ್ತಿರ ಹೋಗಬೇಡಿ. ಅಂಥ ಚಿಕಿತ್ಸೆ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ನನಗಿರುವ ಭಯ ಇನ್ನೊಂದು. ಮನೆಯಲ್ಲಿ ಬಾಯಿಬಿಡಲಾಗದ ಮಕ್ಕಳು ಗೆಳೆಯರ ಮಾತು ಕೇಳಿ ಮೆಡಿಕಲ್ ಅಂಗಡಿಯಿಂದ ಹಾರ್ಮೋನ್ ಮಾತ್ರೆ ತಂದು ನುಂಗುತ್ತಾರೆ. ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬರಬಹುದು. ಹಾರ್ಮೋನ್ ಬೇಕೆಂದರೆ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ನೀವೇ ಕರೆದುಕೊಂಡು ಹೋಗಿ. ಬೇಡವೆಂದರೂ ಅವಳು ಹೆಣ್ಣೇ. ಎಲ್ಲರೂ ಔಷಧ, ಶಸ್ತ್ರಚಿಕಿತ್ಸೆ ಬಯಸುವುದಿಲ್ಲ. ಮುಂಬೈಯ ಹಮ್‌ಸಫರ್ ಟ್ರಸ್ಟ್ 1994ರಿಂದ ಲೈಂಗಿಕ ಅಲ್ಪಸಂಖ್ಯಾತರಿಗಾಗಿ ಕೆಲಸ ಮಾಡುತ್ತಿದೆ, ವಿಚಾರಿಸಿ. ನಿಮಗೇ ಮನಸ್ಸು ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.
– ಓದುಗಿ, ಪುಣೆ

ಅಮ್ಮಾ, ನಾನು ವಿಜಯಪುರದ ಕಡೆಯವಳು. ಹತ್ತನೇ ತರಗತಿ ಮುಗಿಯುವ ಮೊದಲೇ ನನ್ನನ್ನು ಮನೆಯಿಂದ ಹೊರಗೆ ಹಾಕಿದರು. ಮುಂಬೈಗೆ ಬಂದು, ನಮ್ಮಂಥವರನ್ನು ಸಾಕುವ ಹಿರಿಯಳೊಬ್ಬಳ, ನಾವು ಗುರು ಎನ್ನುವವಳ, ಮನೆ ಸೇರಿದೆ. ಆಕೆ ಅನ್ನ ಕೊಟ್ಟಳು, ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಳು. ಓದು ಮಾತ್ರ ಅಲ್ಲಿಗೇ ನಿಂತಿತು. ಲೋಕಲ್ ಟ್ರೈನಿನಲ್ಲಿ ಕೈಯೊಡ್ಡಿದ್ದೇನೆ. ‘ಮೈಬಗ್ಗಿಸಿ ದುಡಿಯಬಾರದಾ’ ಎಂದವರೇ, ಅಂಗಡಿಗೆ ಕೆಲಸ ಕೇಳಿಕೊಂಡು ಹೋದರೆ ಶಟರ್ ಎಳೆದದ್ದೂ ಉಂಟು. ಈಗ ಹೊಲಿಗೆ ಕೆಲಸ ಇದೆ, ಬಾಡಿಗೆ ಖೋಲಿ ಸಿಗುವುದು ಈಗಲೂ ಕಷ್ಟ. ನಿಮ್ಮ ಮಗಳ ಓದು ನಿಲ್ಲಿಸಬೇಡಿ, ಅವಳ ಕೋಣೆ ಅವಳಿಗೇ ಇರಲಿ. ಯಾವ ಲಿಂಗ ಎಂದು ಹೇಳಿಕೊಳ್ಳುವ ಹಕ್ಕು ನಮಗೇ ಇದೆ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿತು. ನಮ್ಮ ಪರ ಹೋರಾಡುವ ಠಾಣೆಯ ಟ್ರಾನ್ಸ್ ಮಹಿಳೆ ಲಕ್ಷ್ಮೀ ನಾರಾಯಣ ತ್ರಿಪಾಠಿಯವರು ಆ ಕೇಸಿನಲ್ಲಿ ತಮ್ಮ ಬದುಕನ್ನೇ ಕೋರ್ಟಿನ ಮುಂದೆ ಇಟ್ಟರು. ನಮ್ಮಂಥವರನ್ನು ಮನೆ ಬಿಡಿಸುವುದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯಿದೆಯ ಪ್ರಕಾರ ಅಪರಾಧ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.
– ಟ್ರಾನ್ಸ್ ಮಹಿಳೆ, ಗೋರೆಗಾಂವ್

ತಂಗೀ, ಊರಿಗೆ ಬರಲು ಅವಳಿಗೆ ಮನಸ್ಸಿದೆಯೇ? ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎನ್ನುವುದೂ ಅವಳಿಗೇ ಬಿಟ್ಟದ್ದು. ಅವಳು ಒಪ್ಪಿದರೆ ಪೂಜೆಗೆ ಎರಡು ದಿನ ಮೊದಲೇ ಹೋಗಿ, ಮನೆಯ ಹಿರಿಯರ ಹತ್ತಿರ ನೀವೇ ಕೂತು ಹೇಳಿ. ಗುಂಪಿನಲ್ಲಿ ಗೊತ್ತಾಗುವುದು ಬೇಡ. ಬಳ್ಳಾರಿ ಸೀಮೆಯ ಟ್ರಾನ್ಸ್ ಮಹಿಳೆ, ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಊರಿನವರಿಗೂ ಗೊತ್ತಿರುತ್ತದೆ. ಆದರೆ ಮನೆಯ ಮಗಳಿಗೆ ಮರ್ಯಾದೆ ಕೊಡಲು ಪ್ರಶಸ್ತಿ ಯಾಕೆ ಬೇಕು? ‘ಆಪರೇಷನ್ ಆಯಿತಾ’ ಎಂದು ಯಾರಾದರೂ ಕೇಳಿದರೆ, ಅದು ಕೇಳುವ ಮಾತಲ್ಲ ಎಂದು ನೀವೇ ಹೇಳಿಬಿಡಿ, ಅವಳು ಬಾಯಿ ತೆರೆಯುವ ಮೊದಲೇ.
– ನಿವೃತ್ತ ಶಿಕ್ಷಕಿ, ಮೀರಾ ರೋಡ್